ಔಷಧಿ ಬಾಟಲಿಯೊಳಗಿನ ಗ್ರಿನ್ಯಾರ್: ಎಲೆಚುಕ್ಕೆ ಕಾಲದಲ್ಲಿ ಒಂದು ರಸಾಯನದ ಲೆಕ್ಕ

ಈಥರ್ ಎಂಬ ದ್ರಾವಕ ಸುಮಾರು 35 ಡಿಗ್ರಿಗೆ ಕುದಿಯುತ್ತದೆ. ಶಿವಮೊಗ್ಗದಲ್ಲಿ ಏಪ್ರಿಲ್ ಮಧ್ಯಾಹ್ನದ ಬಿಸಿ ಅದಕ್ಕಿಂತ ಜಾಸ್ತಿ. ಬಾಟಲಿ ಮುಚ್ಚಳ ತೆಗೆದಿಟ್ಟರೆ ಒಲೆ ಹಚ್ಚುವ ಕೆಲಸವೇ ಇಲ್ಲ, ಅರ್ಧ ಈಥರ್ ಮೂಗಿಗೆ ಹೋಗಿರುತ್ತದೆ. ಮಳೆಗಾಲ ಬಂತು ಅಂದ್ರೆ ಕಷ್ಟ ಬೇರೆ ತರದ್ದು. ಗೋಡೆ ಬೆವರುತ್ತದೆ, ನೋಟ್‌ಬುಕ್ಕು ಮೆತ್ತಗಾಗುತ್ತದೆ, ಉಪ್ಪಿನ ಡಬ್ಬಿಯಲ್ಲಿ ನೀರಾಡುತ್ತದೆ. ಇಂಥ ಊರಿನಲ್ಲಿ, ಇಂಥದೇ ಒಂದು ಜುಲೈನಲ್ಲಿ, ಎಂಎಸ್ಸಿ ಓದುತ್ತಿದ್ದ ನಮಗೆ ಗ್ರಿನ್ಯಾರ್ ರಿಯಾಕ್ಷನ್ (ಮೆಗ್ನೀಸಿಯಂ ಬಳಸಿ ಕಾರ್ಬನ್ನಿಗೆ ಕಾರ್ಬನ್ ಕೂಡಿಸುವ ವಿಧಾನ) ಮಾಡಲು ಕೊಟ್ಟಿದ್ದರು.

ಮಾಡಬೇಕಾದ್ದು ಕೇಳಲು ಸುಲಭ. ಒಣಗಿಸಿದ ಫ್ಲಾಸ್ಕಿಗೆ ಮೆಗ್ನೀಸಿಯಂ ಚೂರು ಹಾಕಬೇಕು. ಒಣ ಈಥರ್ ಸುರಿಯಬೇಕು. ಬ್ರೋಮೋಬೆಂಜೀನ್ ಹನಿಹನಿಯಾಗಿ ಬಿಡಬೇಕು. ಸ್ವಲ್ಪ ಹೊತ್ತಿಗೆ ಒಳಗಿನದು ಮಸುಕಾಗಿ ತನ್ನಷ್ಟಕ್ಕೇ ಕುದಿಯಬೇಕು. ನಮ್ಮದು ಕುದಿಯಲಿಲ್ಲ. ಅಯೋಡಿನ್ ಹರಳು ಹಾಕಿದೆವು. ಗಾಜಿನ ಕಡ್ಡಿಯಿಂದ ಮೆಗ್ನೀಸಿಯಂ ಜಜ್ಜಿದೆವು. ಫ್ಲಾಸ್ಕನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿದೆವು. ಮೂರು ದಿನ, ಮೂರು ಸಲ. ಕೊನೆಗೆ ಮೇಷ್ಟ್ರು ಬಂದು ನೋಡಿ, "ನಮ್ಮೂರಲ್ಲಿ ಇದಕ್ಕೆ ಮುಹೂರ್ತ ಡಿಸೆಂಬರ್‌ನಲ್ಲೇ ಕಣ್ರೋ" ಅಂದು ಹೋದರು.

ಆ ಕುದಿಯದ ಫ್ಲಾಸ್ಕ್ ಈಗ ನೆನಪಾಗಲು ಕಾರಣ ಅಡಿಕೆ.

ಎಲೆಚುಕ್ಕೆ ರೋಗದ ಸುದ್ದಿ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಹೊಸನಗರದ ನಗರ ಹೋಬಳಿ, ತೀರ್ಥಹಳ್ಳಿ, ಸಾಗರ, ಆಚೆ ಕೊಪ್ಪ, ಶೃಂಗೇರಿ, ಕಳಸದವರೆಗೆ ತೋಟಗಳು ಸುಟ್ಟಂತೆ ಕಾಣುವುದನ್ನು ಎಲ್ಲರೂ ನೋಡಿದ್ದಾರೆ. ಕೊಲೆಟೋಟ್ರೈಕಮ್ ಮುಂತಾದ ಶಿಲೀಂಧ್ರಗಳ ಕೆಲಸ ಇದು. ಮಳೆಹನಿ ಸಿಡಿದಾಗ, ಗಾಳಿ ಬೀಸಿದಾಗ ಬೀಜಾಣು ಪಕ್ಕದ ಮರಕ್ಕೆ ದಾಟುತ್ತದೆ. ಗರಿಯ ಮೇಲೆ ಸಣ್ಣ ಕಂದು ಚುಕ್ಕೆ, ಸುತ್ತ ಹಳದಿ, ಆಮೇಲೆ ಚುಕ್ಕೆಗಳೆಲ್ಲ ಕೂಡಿ ಗರಿಯೇ ಒಣಗುತ್ತದೆ. ಅಡಿಕೆ ಕಾಯಿಗೆ ಬರುವ ಕೊಳೆರೋಗ ಆ ವರ್ಷದ ಫಸಲು ತಿನ್ನುತ್ತದೆ. ಇದು ಗರಿಯನ್ನೇ ತಿನ್ನುವುದರಿಂದ ಮುಂದಿನ ವರ್ಷಗಳ ಫಸಲಿಗೂ ಕೈ ಹಾಕುತ್ತದೆ. ಹಾಗಾಗಿ ಔಷಧಿ ಅಂಗಡಿಯಲ್ಲಿ ಹೊಸ ಹೊಸ ಹೆಸರಿನ ಬಾಟಲಿಗಳು.

ಕಳೆದ ಮಳೆಗಾಲದ ಮೊದಲು ಪಕ್ಕದ ತೋಟದ ಭಾವ ಅಂಥದೊಂದು ಬಾಟಲಿ ಹಿಡಿದುಕೊಂಡು ಬಂದರು. "ಇದರೊಳಗೆ ಎಂಥದ್ದಿದೆ ಮಾರಾಯ? ಮೈಲುತುತ್ತಕ್ಕೂ ಇದಕ್ಕೂ ರೇಟಲ್ಲಿ ಇಷ್ಟು ಅಂತರ ಯಾಕೆ?" ಅಂತ ಕೇಳಿದರು. ಕೆಮಿಸ್ಟ್ರಿ ಓದಿದವನಲ್ವಾ, ಹೇಳು ಎಂಬ ಸವಾಲೂ ಅದರಲ್ಲಿತ್ತು. ಜಗಲಿಯಲ್ಲಿ ಕೂತು ಆಗ ಹೇಳಿದ್ದು ಅರ್ಧಂಬರ್ಧ. ಪೂರ್ತಿ ಹೇಳಬೇಕಾದರೆ 1900ರ ಫ್ರಾನ್ಸಿಗೆ ಹೋಗಬೇಕು, ಅಲ್ಲಿಂದ ಜಪಾನಿಗೆ, ನಡುವೆ ಒಂದು ಸಲ ಭದ್ರಾವತಿಗೂ.

ಮೊದಲು ನಮಗೆ ಗೊತ್ತಿರುವ ಔಷಧಿಯಿಂದ ಶುರು ಮಾಡೋಣ. ಒಂದು ಕಿಲೋ ಮೈಲುತುತ್ತ (ತಾಮ್ರದ ಉಪ್ಪು), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎಲೆಗೆ ಅಂಟಲಿ ಅಂತ ಸ್ವಲ್ಪ ರಾಳ. ಇದು ಶೇಕಡಾ 1ರ ಬೋರ್ಡೋ. ಫ್ರಾನ್ಸಿನ ಬೋರ್ಡೋ ಊರಿನಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ದ್ರಾಕ್ಷಿ ತೋಟಕ್ಕಾಗಿ ಇದನ್ನು 1885ರಲ್ಲಿ ಪ್ರಕಟಿಸಿದ. ಕೆನಡಾದಿಂದ ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದ ಲೆಸ್ಲಿ ಕೋಲ್ಮನ್ ಕೊಳೆರೋಗದ ಮೂಲ ಹುಡುಕಿ 1910ರಲ್ಲಿ ವರದಿ ಬರೆದರು. ಅಡಿಕೆಗೆ ಬೋರ್ಡೋ ಹೊಡೆಯುವುದನ್ನು ಮಲೆನಾಡಿಗೆ ಕಲಿಸಿದವರೂ ಅವರೇ. ನಮ್ಮ ಮುತ್ತಜ್ಜನ ಕಾಲದ ಮದ್ದು ಇವತ್ತಿಗೂ ಕೆಲಸ ಮಾಡುತ್ತಿದೆ. ಅದಕ್ಕೊಂದು ಕಾರಣ ಇದೆ. ತಾಮ್ರ ಶಿಲೀಂಧ್ರದ ಜೀವಕೋಶದೊಳಗೆ ಹತ್ತಾರು ಕಡೆ ಒಟ್ಟಿಗೇ ಗಲಾಟೆ ಮಾಡುತ್ತದೆ. ಒಂದು ಬಾಗಿಲು ಮುಚ್ಚಿ ತಪ್ಪಿಸಿಕೊಳ್ಳುವ ದಾರಿ ಶಿಲೀಂಧ್ರಕ್ಕೆ ಸಿಗುವುದಿಲ್ಲ. ಆದರೆ ತಾಮ್ರ ಎಲ್ಲಿಗೂ ಹೋಗುವುದಿಲ್ಲ. ಕೊಳೆಯದ, ಕರಗದ ಲೋಹ ಅದು. ಮಳೆಗೆ ತೊಳೆದು ಮಣ್ಣಿಗಿಳಿದದ್ದು ಮಣ್ಣಲ್ಲೇ ಕೂರುತ್ತದೆ, ವರ್ಷ ವರ್ಷ ಸೇರುತ್ತಾ ಹೋಗುತ್ತದೆ.

ಅಂದರೆ ಬೋರ್ಡೋದಲ್ಲಿ ಲೋಹವೇ ಔಷಧಿ.

ಭಾವನ ಕೈಯಲ್ಲಿದ್ದ ಬಾಟಲಿಯಲ್ಲಿ ಇದ್ದದ್ದು ಹೆಕ್ಸಾಕೊನಜೋಲ್. ಅದರಲ್ಲಿ ಲೋಹವೇ ಇಲ್ಲ. ಕಾರ್ಬನ್, ಹೈಡ್ರೋಜನ್, ನೈಟ್ರೋಜನ್, ಕ್ಲೋರಿನ್, ಆಕ್ಸಿಜನ್, ಅಷ್ಟೇ. ಶಿಲೀಂಧ್ರದ ಜೀವಕೋಶದ ಪೊರೆಗೆ ಎರ್ಗೋಸ್ಟೆರಾಲ್ ಎಂಬ ವಸ್ತು ಬೇಕು. ಅದನ್ನು ತಯಾರಿಸುವ ಒಂದು ಕಿಣ್ವಕ್ಕೆ ಈ ಔಷಧಿ ಅಡ್ಡಗಾಲು ಹಾಕುತ್ತದೆ. ಒಂದೇ ಕಿಣ್ವ, ಒಂದೇ ಕಡೆ. ಬೀಗಕ್ಕೆ ಸರಿಯಾಗಿ ಕೂರುವ ಕೀಲಿಯ ಹಾಗೆ ಅದರ ಆಕಾರ ಇರಬೇಕು. ಆ ಆಕಾರ ಕಟ್ಟುವುದೇ ದುಡ್ಡಿನ ಕೆಲಸ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ಮರೆತರೆ ಕಷ್ಟ. ಕೊಳೆರೋಗದ ಫೈಟಾಫ್ತೊರಾ ನೋಡಲು ಶಿಲೀಂಧ್ರದ ಹಾಗಿದ್ದರೂ ಬೇರೆಯೇ ಕುಲದ್ದು. ಅದು ಎರ್ಗೋಸ್ಟೆರಾಲ್ ತಯಾರಿಸುವುದೇ ಇಲ್ಲ. ಇಲ್ಲದ ಕೆಲಸ ನಿಲ್ಲಿಸಲು ಯಾವ ಔಷಧಿಗೂ ಆಗುವುದಿಲ್ಲ. ಎಲೆಚುಕ್ಕೆಗೆ ತಂದ ದುಬಾರಿ ಕೊನಜೋಲನ್ನು ಕೊಳೆಗೂ ಆಗುತ್ತೆ ಅಂತ ಹೊಡೆದರೆ ದುಡ್ಡು ಮಳೆನೀರಿನ ಜೊತೆ ಹೋದ ಹಾಗೆ. ಕೊಳೆಗೆ ಬೋರ್ಡೋ ಬಿಡುವ ಹಾಗಿಲ್ಲ.

ಈಗ ಆಕಾರದ ವಿಷಯ. ಹೆಕ್ಸಾಕೊನಜೋಲಿನ ನಡುಮಧ್ಯೆ ಒಂದು ಕಾರ್ಬನ್ ಪರಮಾಣು ಇದೆ. ಅದಕ್ಕೆ ನಾಲ್ಕು ಕೈ. ಒಂದು ಕೈಯಲ್ಲಿ ಆಕ್ಸಿಜನ್-ಹೈಡ್ರೋಜನ್ ಜೋಡಿ. ಉಳಿದ ಮೂರು ಕೈಗಳಲ್ಲೂ ಬೇರೆ ಬೇರೆ ಕಾರ್ಬನ್ ಗುಂಪು. ಟೆಬುಕೊನಜೋಲ್ ಎಂಬ ಇನ್ನೊಂದು ಶಿಲೀಂಧ್ರನಾಶಕದಲ್ಲೂ ಇಂಥದೇ ಒಂದು ನಡುಗಂಬ ಇದೆ. (ಪ್ರೊಪಿಕೊನಜೋಲಿನ ಕಟ್ಟೋಣ ಬೇರೆ, ಅದನ್ನಿಲ್ಲಿ ಬಿಟ್ಟಿದ್ದೇನೆ.) ಈ ನಡುಗಂಬದ ಚಿತ್ರ ತೋರಿಸಿದರೆ ಕೆಮಿಸ್ಟ್ರಿ ಓದಿದ ಯಾರ ಬಾಯಲ್ಲೂ ಬರುವ ಮೊದಲ ಹೆಸರು ಗ್ರಿನ್ಯಾರ್. ಕಾರ್ಖಾನೆಗಳು ಬೇರೆ ದಾರಿಗಳನ್ನೂ ಹಿಡಿಯುತ್ತವೆ, ನಿಜ. ಆದರೆ ಇಂಥ ಅಣುವನ್ನು ಬೇಕೆಂದಂತೆ ಕಟ್ಟಬಹುದು ಎಂಬ ಧೈರ್ಯ ರಸಾಯನಕ್ಕೆ ಬಂದದ್ದು ಅವನಿಂದ.

ಕಾರ್ಬನ್ನಿಗೆ ಕಾರ್ಬನ್ ಕೂಡಿಸುವುದು ಯಾಕೆ ಕಷ್ಟ? ಎರಡೂ ಒಂದೇ ಸ್ವಭಾವದವು. ಸಾಮಾನ್ಯವಾಗಿ ಸಿಗುವ ಸಂಯುಕ್ತಗಳಲ್ಲಿ ಬ್ರೋಮಿನ್, ಆಕ್ಸಿಜನ್ ಥರದವು ಕಾರ್ಬನ್ನಿನ ಎಲೆಕ್ಟ್ರಾನನ್ನು ತಮ್ಮ ಕಡೆ ಎಳೆದುಕೊಂಡಿರುತ್ತವೆ. ಎರಡು ಕಡೆಯೂ ಎಲೆಕ್ಟ್ರಾನ್ ಕೊರತೆಯ ಕಾರ್ಬನ್. ಇಬ್ಬರು ಸಾಲಗಾರರು ಎದುರುಬದುರು ಕೂತರೆ ವ್ಯಾಪಾರ ಆಗುತ್ತಾ? ಒಂದು ಕಡೆಯ ಕಾರ್ಬನ್ನಿಗೆ ಎಲೆಕ್ಟ್ರಾನ್ ಹೆಚ್ಚಿಗೆ ಸಿಗಬೇಕು. ಅದಕ್ಕೆ ಅದರ ಪಕ್ಕ ಲೋಹ ಕೂರಿಸಬೇಕು. ಲೋಹ ಕೊಡುಗೈ. ತನ್ನ ಎಲೆಕ್ಟ್ರಾನನ್ನು ಕಾರ್ಬನ್ ಕಡೆ ತಳ್ಳುತ್ತದೆ. ಹೀಗೆ ಕಾರ್ಬನ್ನಿಗೆ ನೇರವಾಗಿ ಲೋಹ ಅಂಟಿದ ಸಂಯುಕ್ತವೇ ಆರ್ಗ್ಯಾನೋಮೆಟಾಲಿಕ್.

ಇದನ್ನು ಮೊದಲು ಕಂಡವನು ಗ್ರಿನ್ಯಾರ್ ಅಲ್ಲ. ಎಡ್ವರ್ಡ್ ಫ್ರಾಂಕ್ಲೆಂಡ್ 1849ರಲ್ಲಿ ಜರ್ಮನಿಯ ಮಾರ್ಬುರ್ಗ್‌ನಲ್ಲಿ ಸತುವಿನ ಸಂಯುಕ್ತ ಮಾಡಿದ್ದ. ಅದರ ಗುಣ ಏನಂದ್ರೆ ಗಾಳಿ ತಾಗಿದ ಕೂಡಲೇ ಬೆಂಕಿ. ಐವತ್ತು ವರ್ಷ ಜನ ಅದನ್ನೇ ಹೆದರಿ ಹೆದರಿ ಬಳಸಿದರು. ಲಿಯೋನ್ ಊರಿನ ಪ್ರೊಫೆಸರ್ ಫಿಲಿಪ್ ಬಾರ್ಬಿಯೆ 1899ರಲ್ಲಿ ಸತುವಿನ ಬದಲು ಮೆಗ್ನೀಸಿಯಂ ಹಾಕಿ ನೋಡಿದ. ಕೆಲಸ ಆಯಿತು, ಆದರೆ ಪ್ರತಿ ಸಲ ಆಗುತ್ತಿರಲಿಲ್ಲ. ಬೇಸರ ಬಂದು ತನ್ನ ಶಿಷ್ಯನಿಗೆ ದಾಟಿಸಿದ.

ಆ ಶಿಷ್ಯ ವಿಕ್ಟರ್ ಗ್ರಿನ್ಯಾರ್. ನಾವೆಲ್ಲ ಗ್ರಿಗ್ನಾರ್ಡ್ ಅಂತಲೇ ಓದಿ ಪಾಸಾದವರು. ಫ್ರೆಂಚರ ಬಾಯಲ್ಲಿ ಅದು ಗ್ರಿನ್ಯಾರ್. 1871ರಲ್ಲಿ ಶೆರ್ಬೂರ್ ಎಂಬ ಬಂದರಿನಲ್ಲಿ ಹುಟ್ಟಿದ. ಅಪ್ಪ ಹಡಗಿನ ಹಾಯಿ ಹೊಲಿಯುವವರು. ಮಗನಿಗೆ ಗಣಿತದ ಹುಚ್ಚು. ಗಣಿತದ ಪರೀಕ್ಷೆಯಲ್ಲಿ ಫೇಲಾದ. ಕೆಮಿಸ್ಟ್ರಿ ಅಂದ್ರೆ ಅಸಡ್ಡೆ ಇದ್ದವನು ಗೆಳೆಯನೊಬ್ಬನ ಒತ್ತಾಯಕ್ಕೆ ಲ್ಯಾಬು ಸೇರಿದ. ಅಲ್ಲಿ ಅವನು ಮಾಡಿದ್ದು ಹೇಳಲು ಬಹಳ ಸಣ್ಣ ಬದಲಾವಣೆ. ಬಾರ್ಬಿಯೆ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕುತ್ತಿದ್ದ. ಗ್ರಿನ್ಯಾರ್ ಮೊದಲು ಒಣ ಈಥರಿನಲ್ಲಿ ಮೆಗ್ನೀಸಿಯಂ ಸಂಯುಕ್ತ ಮಾತ್ರ ತಯಾರಿಸಿದ, ಆಮೇಲೆ ಎರಡನೇ ವಸ್ತುವನ್ನು ಸೇರಿಸಿದ. ಅಷ್ಟೇ. ಈಥರ್ ಇಲ್ಲಿ ಬರೀ ದ್ರಾವಕ ಅಲ್ಲ. ಅದರ ಆಕ್ಸಿಜನ್ ಮೆಗ್ನೀಸಿಯಮ್ಮನ್ನು ಎರಡೂ ಕಡೆಯಿಂದ ಹಿಡಿದುಕೊಂಡು ಸಂಭಾಳಿಸುತ್ತದೆ. ಬೆಂಕಿ ಇಲ್ಲ, ಬೇರ್ಪಡಿಸುವ ಗೋಜಿಲ್ಲ. ಅದೇ ಫ್ಲಾಸ್ಕಿನಲ್ಲಿ ಮುಂದಿನ ಕೆಲಸ. 1900ರಲ್ಲಿ ಮೊದಲ ಪ್ರಬಂಧ, 1901ರಲ್ಲಿ ಡಾಕ್ಟರೇಟ್, 1912ರಲ್ಲಿ ನೊಬೆಲ್. ಆ ವರ್ಷದ ಬಹುಮಾನದ ಇನ್ನೊಂದು ಪಾಲು ಪಾಲ್ ಸಬಾಟಿಯೆಗೆ ಹೋಯಿತು. ಬಾರ್ಬಿಯೆಗೆ ಏನೂ ಇಲ್ಲ. ಮೇಷ್ಟ್ರಿಗೂ ಪಾಲು ಸಿಗಬೇಕಿತ್ತು ಎಂಬ ಭಾವನೆ ಸ್ವತಃ ಗ್ರಿನ್ಯಾರ್‌ಗೂ ಇತ್ತು. ನನಗೆ ಅವನ ಮೇಲೆ ಗೌರವ ಜಾಸ್ತಿಯಾದದ್ದು ಇದನ್ನು ಓದಿದ ಮೇಲೆ.

1935ರಲ್ಲಿ ಅವನು ತೀರಿಕೊಳ್ಳುವ ಹೊತ್ತಿಗೆ ಈ ರಿಯಾಕ್ಷನ್ ಬಳಸಿ ಸುಮಾರು 6000 ಪ್ರಬಂಧಗಳು ಬಂದಿದ್ದವು. ಇವತ್ತಿನ ನೋವಿನ ಮಾತ್ರೆ ಟ್ರಮಡಾಲ್, ಸ್ತನ ಕ್ಯಾನ್ಸರಿನ ಟಮಾಕ್ಸಿಫೆನ್, ಇವುಗಳ ತಯಾರಿಯಲ್ಲೂ ಗ್ರಿನ್ಯಾರ್ ಮೆಟ್ಟಿಲಿದೆ.

ಆದರೆ ನೀರು. ಎಲೆಕ್ಟ್ರಾನ್ ತುಂಬಿಕೊಂಡ ಆ ಕಾರ್ಬನ್ನಿಗೆ ಯಾರಾದರೂ ಸಾಕು. ಎದುರಿಗೆ ತಾನು ಕೂಡಬೇಕಾದ ಎರಡನೇ ವಸ್ತು, ಅಂದರೆ ಕೀಟೋನ್, ಬರುವವರೆಗೆ ಕಾಯುವ ತಾಳ್ಮೆ ಇಲ್ಲ. ನೀರಿನ ಒಂದು ಅಣು ಸಿಕ್ಕರೂ ಅದರಿಂದ ಹೈಡ್ರೋಜನ್ ಕಿತ್ತುಕೊಂಡು ಸುಮ್ನಾಗುತ್ತದೆ. ನಮ್ಮ ಫ್ಲಾಸ್ಕಿನಲ್ಲಿ ಆಗಿದ್ದು ಇಂಥದೇ, ಅದೂ ಶುರುವಿನಲ್ಲೇ. ಮೆಗ್ನೀಸಿಯಮ್ಮಿನ ಮೇಲೆ ಆಕ್ಸೈಡಿನ ಪದರ, ಗಾಜಿನ ಗೋಡೆಗೆ ಅಂಟಿದ ತೇವ, ಈಥರಿನಲ್ಲಿ ಕರಗಿದ ನೀರು. ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬೀಳುವ ಆಗುಂಬೆ ಇರುವ ಜಿಲ್ಲೆಯಲ್ಲಿ ಇನ್ನೇನಾಗುತ್ತದೆ?

ಲ್ಯಾಬಿನಲ್ಲಿ ಇದು ತಮಾಷೆ. ಕಾರ್ಖಾನೆಯಲ್ಲಿ ಖರ್ಚು. ಸಾವಿರಾರು ಲೀಟರ್ ದ್ರಾವಕವನ್ನು ಒಣಗಿಸಬೇಕು. ಗಾಳಿ ಹೊರಹಾಕಿ ನೈಟ್ರೋಜನ್ ತುಂಬಬೇಕು. ಈಥರಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದುಹೋಗಿ ದೂರದ ಕಿಡಿಯನ್ನೂ ಹಿಡಿಯುತ್ತದೆ. ಇನ್ನೊಂದು ಅಪಾಯ ರಿಯಾಕ್ಷನ್ ಶುರುವಾಗದೆ ಸತಾಯಿಸುವುದು. ಶುರುವಾಗಿಲ್ಲ ಅಂತ ಇನ್ನಷ್ಟು ಸುರಿದರೆ, ಆಮೇಲೆ ಎಲ್ಲ ಒಟ್ಟಿಗೇ ಎದ್ದು ಕುದಿಯುತ್ತದೆ. ಸಣ್ಣ ಫ್ಲಾಸ್ಕಾದರೆ ಐಸ್ ಹಾಕಬಹುದು, ದೊಡ್ಡ ರಿಯಾಕ್ಟರ್ ಆದರೆ ಓಡಬೇಕು.

ಮೆಗ್ನೀಸಿಯಮ್ಮಿನ ಲೆಕ್ಕವೂ ಇದೆ. 157 ಗ್ರಾಂ ಬ್ರೋಮೋಬೆಂಜೀನ್‌ಗೆ 24 ಗ್ರಾಂ ಮೆಗ್ನೀಸಿಯಂ. ಒಂದು ಅಣುವಿಗೆ ಒಂದು ಪರಮಾಣು. ಕೆಲಸ ಮುಗಿದ ಮೇಲೆ ಅದು ಮೆಗ್ನೀಸಿಯಂ ಉಪ್ಪಾಗಿ ತ್ಯಾಜ್ಯದ ಜೊತೆ ಹೋಗುತ್ತದೆ. ಒಂದು ಅಡಿಕೆ ಕೊನೆ (ಗೊನೆ) ಇಳಿಸಲು ಒಬ್ಬ ಆಳು, ಮುಂದಿನ ಕೊನೆಗೆ ಇನ್ನೊಬ್ಬ ಆಳು ಎಂಬಂಥ ವ್ಯವಸ್ಥೆ. ಕೂಲಿ ಕಡಿಮೆ ಇರುವವರೆಗೆ ನಡೆಯುತ್ತದೆ. ಜಗತ್ತಿನ ಮೆಗ್ನೀಸಿಯಂ ಲೋಹದಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಜಾಸ್ತಿ ಚೀನಾದಲ್ಲೇ ಆಗುತ್ತದೆ. 2021ರಲ್ಲಿ ಅಲ್ಲಿ ಕರೆಂಟ್ ಕಡಿತ ಆದಾಗ ಲೋಹದ ಬೆಲೆ ದಿಢೀರ್ ಏರಿತು. ಮೈಸೂರಿನ ಆಸುಪಾಸು ಮ್ಯಾಗ್ನೆಸೈಟ್ ಅದಿರು ಇದೆ. ಆದರೆ ಅದಿರೇ ಬೇರೆ, ಲೋಹವೇ ಬೇರೆ.

ಹಳೇ ಕೊನೆಗಾರರು ಒಂದು ಮರ ಹತ್ತಿದರೆ ಇಳಿಯುತ್ತಲೇ ಇರಲಿಲ್ಲ. ತುದಿಯಲ್ಲಿ ಕೂತು ಮರವನ್ನೇ ತೂಗಿ, ಪಕ್ಕದ ಮರ ಕೈಗೆ ಸಿಕ್ಕ ಕೂಡಲೇ ದಾಟಿಬಿಡುತ್ತಿದ್ದರು. ಒಬ್ಬನೇ ಇಡೀ ಸಾಲು ಮುಗಿಸಿ ಕಡೆಯ ಮರದಿಂದ ಇಳಿಯುವುದು. (ಈಗ ಅಂಥವರೇ ಸಿಗುವುದಿಲ್ಲ, ಕಾರ್ಬನ್ ಫೈಬರ್ ದೋಟಿ ಬಂದಿದೆ.) ರಸಾಯನದಲ್ಲಿ ಅಂಥ ಕೊನೆಗಾರನಿಗೆ ಕ್ರಿಯಾವರ್ಧಕ ಅಂತ ಹೆಸರು, ಕ್ಯಾಟಲಿಸ್ಟ್. ಪಲ್ಲೇಡಿಯಂ ಅಂಥದ್ದು. ಒಂದು ಪರಮಾಣು ಎರಡು ಕಾರ್ಬನ್ ತುಂಡುಗಳನ್ನು ಹಿಡಿದು ಕೂಡಿಸುತ್ತದೆ, ಬಿಡುತ್ತದೆ, ಮುಂದಿನ ಜೋಡಿಗೆ ದಾಟುತ್ತದೆ. ನೂರಾರು ಸಲ, ಒಮ್ಮೊಮ್ಮೆ ಸಾವಿರಾರು ಸಲ.

ಈ ದಾರಿ ತೆರೆದದ್ದರಲ್ಲಿ ಬೋರಾನಿನ ಪಾಲು ದೊಡ್ಡದು, ಮತ್ತು ಆ ಕಥೆ ಒಂದು ಅಗ್ಗದ ಉಡುಗೊರೆಯಿಂದ ಶುರುವಾಗುತ್ತದೆ. ಅಮೆರಿಕದ ಹರ್ಬರ್ಟ್ ಬ್ರೌನ್ 1936ರಲ್ಲಿ ಡಿಗ್ರಿ ಮುಗಿಸಿದಾಗ ಗೆಳತಿ ಸಾರಾ ಒಂದು ಪುಸ್ತಕ ಕೊಟ್ಟಳು. ಬೋರಾನ್ ಸಂಯುಕ್ತಗಳ ಬಗ್ಗೆ. ಯಾಕೆ ಅದನ್ನೇ ಆರಿಸಿದಳು? ಅಂಗಡಿಯಲ್ಲಿದ್ದ ಕೆಮಿಸ್ಟ್ರಿ ಪುಸ್ತಕಗಳಲ್ಲಿ ಅದೇ ಕಡಿಮೆ ರೇಟಿನದು, 2 ಡಾಲರ್ 6 ಸೆಂಟ್. ದೇಶದಲ್ಲಿ ಬಡತನದ ಕಾಲ ಅದು. ಬ್ರೌನ್ ಜೀವನವಿಡೀ ಬೋರಾನ್ ಹಿಂದೆ ಹೋದರು, 1979ರಲ್ಲಿ ನೊಬೆಲ್ ಪಡೆದರು. ಸಾರಾ ಅವರ ಹೆಂಡತಿಯಾದರು. ಪರ್ಡ್ಯೂ ವಿಶ್ವವಿದ್ಯಾಲಯದ ಅವರ ಲ್ಯಾಬಿಗೆ 1963ರಲ್ಲಿ ಜಪಾನಿನ ಹೊಕ್ಕೈಡೊದಿಂದ ಅಕಿರಾ ಸುಜುಕಿ ಬಂದರು. ಎರಡು ವರ್ಷ ಕಲಿತು ವಾಪಸ್ ಹೋದರು. 1979ರಲ್ಲಿ ಸುಜುಕಿ ಮತ್ತು ಮಿಯೌರಾ ಹೊಸ ರಿಯಾಕ್ಷನ್ ಪ್ರಕಟಿಸಿದರು. ಒಂದು ಕಾರ್ಬನ್ನಿನ ಪಕ್ಕ ಬೋರಾನ್, ಇನ್ನೊಂದರ ಪಕ್ಕ ಬ್ರೋಮಿನ್ ಥರದ್ದು, ನಡುವೆ ಚಿಟಿಕೆ ಪಲ್ಲೇಡಿಯಂ. 2010ರ ನೊಬೆಲ್ ಸುಜುಕಿ, ನೆಗಿಶಿ, ಹೆಕ್ ಮೂವರಿಗೆ ಬಂತು. ನೆಗಿಶಿಯೂ ಬ್ರೌನ್ ಗರಡಿಯವರೇ. ಸುಜುಕಿ ತಮ್ಮ ರಿಯಾಕ್ಷನ್ನಿಗೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಇಷ್ಟು ಬೇಗ ಜಗತ್ತೆಲ್ಲ ಹರಡಿದ್ದಕ್ಕೆ ಅದೂ ಒಂದು ಕಾರಣ ಇರಬೇಕು ಅಂತ ನನ್ನ ಲೆಕ್ಕ.

ಬೋರಾನ್ ನಮಗೆ ಪರಿಚಯ ಇಲ್ಲದ್ದೇನಲ್ಲ. ಕೇರಂ ಬೋರ್ಡಿಗೆ ಉದುರಿಸುತ್ತೇವಲ್ಲ, ಆ ಪೌಡರ್ ಬೋರಿಕ್ ಆಸಿಡ್. ಅದರ ಬೋರಾನಿಗೆ ಮೂರು ಕಡೆ ಆಕ್ಸಿಜನ್. ಒಂದು ಕಡೆಯದನ್ನು ತೆಗೆದು ಕಾರ್ಬನ್ ಕೂರಿಸಿದರೆ ಬೋರೋನಿಕ್ ಆಸಿಡ್. ಪೌಡರ್ ಥರವೇ ಡಬ್ಬಿಯಲ್ಲಿ ತುಂಬಿಡಬಹುದು. ಗಾಳಿಗೆ ಹೆದರುವುದಿಲ್ಲ, ನೀರಿಗೆ ಹೆದರುವುದಿಲ್ಲ. ಎಷ್ಟೋ ಸಲ ಸುಜುಕಿ ರಿಯಾಕ್ಷನ್ನಿಗೆ ನೀರನ್ನು ನಾವೇ ಸೇರಿಸುತ್ತೇವೆ. ಮಲೆನಾಡಿಗೆ ಹೇಳಿ ಮಾಡಿಸಿದ್ದು!

ಅಷ್ಟು ಸುಲಭ ಇಲ್ಲ. ಆ ಬೋರೋನಿಕ್ ಆಸಿಡ್ ಎಲ್ಲಿಂದ ಬರುತ್ತದೆ? ಸಾಮಾನ್ಯವಾಗಿ ಗ್ರಿನ್ಯಾರ್ ರೀಏಜೆಂಟ್ (ಅದೇ ಮೆಗ್ನೀಸಿಯಂ ಸಂಯುಕ್ತ) ತಯಾರಿಸಿ, ಅದನ್ನು ಬೋರೇಟ್ ಎಂಬ ಬೋರಾನ್ ಸಂಯುಕ್ತದ ಜೊತೆ ಸೇರಿಸಿ. ನೀರಿಗೆ ಹೆದರುವವನು ಮನೆ ಬಿಟ್ಟು ಹೋಗಿಲ್ಲ, ಒಳಕೋಣೆಗೆ ಸರಿದಿದ್ದಾನೆ ಅಷ್ಟೆ.

ಕೃಷಿ ಔಷಧಿಗೆ ಇದರ ದೊಡ್ಡ ಉದಾಹರಣೆ ಬೋಸ್ಕಾಲಿಡ್. ಬಿಎಎಸ್ಎಫ್ ಕಂಪನಿ 2003ರ ಹೊತ್ತಿಗೆ ಮಾರುಕಟ್ಟೆಗೆ ತಂದ ಶಿಲೀಂಧ್ರನಾಶಕ. ಅಡಿಕೆಯದಲ್ಲ, ದ್ರಾಕ್ಷಿಯಂಥ ಬೆಳೆಗಳದ್ದು. ಅದರ ಮಧ್ಯೆ ಎರಡು ಬೆಂಜೀನ್ ಉಂಗುರಗಳು ನೇರವಾಗಿ ಅಂಟಿವೆ. ಆ ಅಂಟು ಹಾಕುವುದು ಸುಜುಕಿ ರಿಯಾಕ್ಷನ್. ವರ್ಷಕ್ಕೆ 1000 ಟನ್ನಿಗಿಂತ ಜಾಸ್ತಿ ತಯಾರಿ. ಚಿಟಿಕೆ ಲೋಹದಿಂದ ಲಾರಿಗಟ್ಟಲೆ ಔಷಧಿ ಮಾಡಬಹುದು ಎಂದು ತೋರಿಸಿಕೊಟ್ಟದ್ದು ಇದು. ರಕ್ತದೊತ್ತಡದ ಲೋಸಾರ್ಟನ್ ಮಾತ್ರೆಯಲ್ಲೂ ಇಂಥದೇ ಜೋಡಿ ಉಂಗುರ, ಅದರ ತಯಾರಿಗೂ ಸುಜುಕಿ ದಾರಿ ಬಂತು. ಮಾತ್ರೆಯಲ್ಲಾದರೆ ಪಲ್ಲೇಡಿಯಂ ಉಳಿಯಬಾರದು. ಬಾಯಿಯ ಮೂಲಕ ದಿನಕ್ಕೆ 100 ಮೈಕ್ರೋಗ್ರಾಂ ಮೀರಬಾರದು ಎಂಬುದು ಔಷಧಿ ಉದ್ಯಮದ ಅಂತಾರಾಷ್ಟ್ರೀಯ ಮಿತಿ. ಅದನ್ನು ಸೋಸಿ ತೆಗೆಯುವುದಕ್ಕೂ ಖರ್ಚು.

ಕೊನೆಗಾರ ಎಷ್ಟೇ ಚುರುಕಾಗಿದ್ದರೂ ಅವನ ಸಂಬಳ ಕೇಳಿದರೆ ತಲೆ ತಿರುಗುತ್ತದೆ. 2022ರ ಮಾರ್ಚ್‌ನಲ್ಲಿ, ಉಕ್ರೇನ್ ಯುದ್ಧ ಶುರುವಾದ ಕೂಡಲೇ, ಪಲ್ಲೇಡಿಯಂ ಔನ್ಸ್‌ಗೆ 3000 ಡಾಲರ್ ದಾಟಿತು. ಆಗ ಚಿನ್ನಕ್ಕಿಂತ ದುಬಾರಿ. ಗಣಿಯಿಂದ ಬರುವ ಪಲ್ಲೇಡಿಯಮ್ಮಿನಲ್ಲಿ ಸುಮಾರು ಶೇಕಡಾ 40 ರಷ್ಯಾದ್ದು, ಉಳಿದದ್ದರಲ್ಲಿ ದೊಡ್ಡ ಪಾಲು ದಕ್ಷಿಣ ಆಫ್ರಿಕಾದ್ದು. ಬಹುಪಾಲು ಹೋಗುವುದು ಪೆಟ್ರೋಲ್ ಕಾರುಗಳ ಹೊಗೆ ಶುದ್ಧ ಮಾಡಲು. ರಸಾಯನ ಕಾರ್ಖಾನೆ ಆ ಸಾಲಿನಲ್ಲಿ ಹಿಂದೆ ನಿಂತ ಗಿರಾಕಿ. ಆಮೇಲೆ ಬೆಲೆ ಇಳಿಯಿತು ಅನ್ನುವುದು ಬೇರೆ ಮಾತು. ಹೀಗೆ ಏರಿಳಿಯುವ ವಸ್ತುವನ್ನು ನಂಬಿ ಔಷಧಿಯ ದರ ಕಟ್ಟುವುದು ಯಾರಿಗೂ ನೆಮ್ಮದಿ ಅಲ್ಲ.

ಅಗ್ಗದ ಲೋಹದಿಂದ ಈ ಕೆಲಸ ಆಗುವುದಿಲ್ವಾ? ಆಗುತ್ತದೆ, ಕಬ್ಬಿಣದಿಂದ. ಜೇ ಕೋಚಿ ಎಂಬ ಅಮೆರಿಕದ ರಸಾಯನಜ್ಞ 1971ರಲ್ಲೇ, ಪಲ್ಲೇಡಿಯಮ್ಮಿನ ದರ್ಬಾರು ಶುರುವಾಗುವ ಮೊದಲೇ, ಕಬ್ಬಿಣದ ಉಪ್ಪಿನಿಂದ ಕಾರ್ಬನ್ ಜೋಡಿಸಿ ತೋರಿಸಿದ್ದರು.

ಕಬ್ಬಿಣ ಅಂದ ಕೂಡಲೇ ನಮ್ಮ ಕಡೆಯವರಿಗೆ ಭದ್ರಾವತಿ. ಅಲ್ಲಿನ ಕಾರ್ಖಾನೆ 1923ರಲ್ಲಿ ಶುರುವಾದದ್ದು ಕೆಮ್ಮಣ್ಣುಗುಂಡಿಯ ಅದಿರು ಮತ್ತು ಮಲೆನಾಡಿನ ಕಟ್ಟಿಗೆ ಇದ್ದಿಲಿನಿಂದ. ಇದ್ದಿಲು ಸುಡುವಾಗ ಬರುವ ಹೊಗೆಯನ್ನು ಸುಮ್ನೆ ಬಿಡುತ್ತಿರಲಿಲ್ಲ. ಅದನ್ನು ತಣಿಸಿ ಮೆಥನಾಲ್, ಕ್ಯಾಲ್ಸಿಯಂ ಅಸಿಟೇಟ್, ಡಾಂಬರು ತೆಗೆಯುತ್ತಿದ್ದರು. ಕ್ಯಾಲ್ಸಿಯಂ ಅಸಿಟೇಟ್ ಕಾಯಿಸಿದರೆ ಅಸಿಟೋನ್. ಗ್ರಿನ್ಯಾರ್ ರೀಏಜೆಂಟ್ ಹೋಗಿ ಅಂಟಿಕೊಳ್ಳುವ ಕೀಟೋನ್‌ಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಅದೇ. ಅಂದರೆ ಆರ್ಗ್ಯಾನಿಕ್ ಕೆಮಿಸ್ಟ್ರಿ ಇಲ್ಲಿಗೆ ಪಠ್ಯಪುಸ್ತಕದ ಜೊತೆ ಬಂದದ್ದಲ್ಲ, ಇದ್ದಿಲ ಹೊಗೆಯಲ್ಲೇ ಇತ್ತು. ಕಾಡು ಕಳೆದುಕೊಂಡ ಲೆಕ್ಕ ಬೇರೆ ಇದೆ, ಅದನ್ನು ಮರೆತು ಈ ಮಾತು ಹೇಳುತ್ತಿಲ್ಲ.

ಕಬ್ಬಿಣದ ದಾರಿಯಲ್ಲಿ ಒಂದು ಪೇಚು. ಅದರ ಜೊತೆ ಚೆನ್ನಾಗಿ ದುಡಿಯುವ ಸಂಗಾತಿ ಬೋರೋನಿಕ್ ಆಸಿಡ್ ಅಲ್ಲ, ಮತ್ತದೇ ಗ್ರಿನ್ಯಾರ್. ಲೋಹ ಅಗ್ಗ ಮಾಡಲು ಹೋದರೆ ನೀರಿನ ಭಯ ವಾಪಸ್. ನೀರಿನ ಭಯ ಬಿಡಲು ಹೋದರೆ ಲೋಹ ದುಬಾರಿ. ಗ್ರಿನ್ಯಾರ್‌ನಿಂದ ಈಚೆಗಿನ ನೂರಿಪ್ಪತ್ತು ವರ್ಷದ ಆರ್ಗ್ಯಾನೋಮೆಟಾಲಿಕ್ ಇತಿಹಾಸವನ್ನು ಖರ್ಚಿನ ಕಡೆಯಿಂದ ನೋಡಿದರೆ ನನಗೆ ಕಾಣುವುದು ಇದೇ ಜಗ್ಗಾಟ. ಖರ್ಚು ಕಡಿಮೆಯಾಗಿಲ್ಲ ಅಂತಲ್ಲ. ಪ್ರತಿ ಸಲ ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬಿದೆ.

ಈ ಜಗ್ಗಾಟಕ್ಕೆ ಹೊರಗಿನಿಂದ ಬಂದ ಒಂದು ಉಪಾಯ ನನಗೆ ಬಹಳ ಇಷ್ಟ. 2021ರಲ್ಲಿ ಹೊಕ್ಕೈಡೊ ವಿಶ್ವವಿದ್ಯಾಲಯದ ತಂಡವೊಂದು (ಸುಜುಕಿಯ ಊರೇ!) ಗ್ರಿನ್ಯಾರ್ ರೀಏಜೆಂಟನ್ನು ಬಾಲ್ ಮಿಲ್‌ನಲ್ಲಿ ತಯಾರಿಸಿತು. ಉಕ್ಕಿನ ಡಬ್ಬಿ, ಒಳಗೆ ಉಕ್ಕಿನ ಗುಂಡು. ಮೆಗ್ನೀಸಿಯಂ ಮತ್ತು ಬ್ರೋಮೋ ಸಂಯುಕ್ತ ಹಾಕಿ, ಒಗ್ಗರಣೆಗೆ ಎಣ್ಣೆ ಹಾಕಿದಷ್ಟೇ ಈಥರ್ ಸೇರಿಸಿ, ಜೋರಾಗಿ ಅಲುಗಾಡಿಸುವುದು. ಅದೂ ಮಾಮೂಲಿ ಗಾಳಿಯಲ್ಲೇ. ಗುಂಡಿನ ಹೊಡೆತಕ್ಕೆ ಮೆಗ್ನೀಸಿಯಮ್ಮಿನ ಆಕ್ಸೈಡ್ ಪದರ ಒಡೆದು ಒಳಗಿನ ಹೊಸ ಲೋಹ ಹೊರಬರುತ್ತದೆ. ನಾವು ಗಾಜಿನ ಕಡ್ಡಿಯಿಂದ ಜಜ್ಜಿದ್ದೂ ಇದಕ್ಕೇ ಅಲ್ವಾ! ನಮ್ಮ ಐಡಿಯಾ ಸರಿ ಇತ್ತು, ಸಾಮಾನು ಸರಿ ಇರಲಿಲ್ಲ. ಇದು ಇನ್ನೂ ಲ್ಯಾಬಿನ ಅಳತೆಯದು. ಆದರೆ ಅರೆಯುವ ಯಂತ್ರವನ್ನು ದೊಡ್ಡದು ಮಾಡುವುದು ಗೊತ್ತಿಲ್ಲದ ವಿದ್ಯೆಯಲ್ಲ. ಸಿಮೆಂಟ್ ಕಾರ್ಖಾನೆಗಳು ಬಾಲ್ ಮಿಲ್ ಓಡಿಸುತ್ತಲೇ ಇವೆ.

ದ್ರಾವಕದಲ್ಲೂ ಬದಲಾವಣೆ ಇದೆ. ಈಥರಿನ ಜಾಗಕ್ಕೆ 2-ಮೀಥೈಲ್ ಟಿಎಚ್‌ಎಫ್ ಬರುತ್ತಿದೆ. ಸುಮಾರು 80 ಡಿಗ್ರಿಗೆ ಕುದಿಯುತ್ತದೆ, ನೀರಿನ ಜೊತೆ ಸರಿಯಾಗಿ ಬೆರೆಯುವುದಿಲ್ಲವಾದ್ದರಿಂದ ಬೇರ್ಪಡಿಸುವುದು ಸುಲಭ. ಅದನ್ನು ಜೋಳದ ದಿಂಡು, ಕಬ್ಬಿನ ಸಿಪ್ಪೆಯಿಂದ ಸಿಗುವ ಫರ್ಫ್ಯೂರಾಲ್‌ನಿಂದ ಮಾಡುತ್ತಾರೆ. ಅದಕ್ಕೆ ಬೇಕಾದ್ದು ಗಿಡಗಳ ನಾರಿನಲ್ಲಿರುವ ಹೆಮಿಸೆಲ್ಯುಲೋಸ್ ಎಂಬ ಅಂಶ. ಅಡಿಕೆ ಸಿಪ್ಪೆಯಲ್ಲೂ ಅದು ಇದೆ. ಸುಲಿತದ ಕಾಲದಲ್ಲಿ ಮಲೆನಾಡಿನ ರಸ್ತೆ ಪಕ್ಕ ಸಿಪ್ಪೆಯ ರಾಶಿ, ಅದಕ್ಕಿಟ್ಟ ಬೆಂಕಿ, ದಿನಗಟ್ಟಲೆ ಹೊಗೆ ಎಲ್ಲರಿಗೂ ಗೊತ್ತು. ಸಿಪ್ಪೆಯನ್ನು ಒಂದು ಕಡೆ ಕೂಡಿಸುವ ಸಾಗಾಟದ ಲೆಕ್ಕ ಕೂಡಿಬಂದರೆ ರಸಾಯನದ ಕಡೆಯಿಂದ ಅಡ್ಡಿ ಇಲ್ಲ. ತೋಟದ ಕಸ ತೋಟದ ಔಷಧಿಗೆ ದ್ರಾವಕವಾಗುವುದು ನನಗಂತೂ ಬಾಲ್ ಮಿಲ್‌ಗಿಂತ ದೂರದ ಕನಸು. ಹೇಳಿಟ್ಟಿರುತ್ತೇನೆ.

ಇಷ್ಟೆಲ್ಲ ಆದ ಮೇಲೆ ಭಾವನ ಪ್ರಶ್ನೆಗೆ ಬರಬೇಕು. ರೇಟು ಯಾಕೆ ಜಾಸ್ತಿ? ಮೈಲುತುತ್ತ ಒಂದೇ ಹೆಜ್ಜೆಯ ಸರಕು. ತಾಮ್ರಕ್ಕೆ ಗಂಧಕಾಮ್ಲ ಸೇರಿದರೆ ಮುಗಿಯಿತು. ಕೊನಜೋಲ್ ಹಲವು ಹೆಜ್ಜೆಯದ್ದು. ಪ್ರತಿ ಹೆಜ್ಜೆಯಲ್ಲೂ ಒಣಗಿಸುವುದು, ಸೋಸುವುದು, ಸ್ವಲ್ಪ ಸೋರಿಹೋಗುವುದು. ಹೆಕ್ಸಾಕೊನಜೋಲ್, ಟೆಬುಕೊನಜೋಲ್, ಪ್ರೊಪಿಕೊನಜೋಲ್‌ಗಳ ಪೇಟೆಂಟ್ ಮುಗಿದು ಎಷ್ಟೋ ವರ್ಷವಾಯಿತು. ನಮ್ಮ ದೇಶದ ಅನೇಕ ಕಂಪನಿಗಳು ಮಾಡುತ್ತವೆ. ಆದರೆ ಇಂಥ ಔಷಧಿಗಳ ಕಚ್ಚಾ ಸರಕು ಬಹಳಷ್ಟು ಚೀನಾದಿಂದ ಬರುತ್ತದೆ. ಜೊತೆಗೆ ಎರಡು ಔಷಧಿ ಕೂಡಿಸಿ ಹೊಸ ಹೆಸರಿಟ್ಟ ಬಾಟಲಿಗಳು, ಅವುಗಳ ಜಾಹೀರಾತು. ಅದು ರಸಾಯನ ಅಲ್ಲ, ವ್ಯಾಪಾರ.

ರೇಟಿಗಿಂತ ನನಗೆ ಚಿಂತೆ ಇನ್ನೊಂದರದ್ದು. ಒಂದೇ ಬೀಗದ ಕೀಲಿ ಅಂದೆನಲ್ಲ. ಶಿಲೀಂಧ್ರ ಬೀಗವನ್ನೇ ಸ್ವಲ್ಪ ಬದಲಿಸಿಬಿಟ್ಟರೆ? ಕೊನಜೋಲ್ ಗುಂಪಿಗೂ ಬೋಸ್ಕಾಲಿಡ್ ಗುಂಪಿಗೂ ಬೇರೆ ಬೇರೆ ಬೆಳೆಗಳಲ್ಲಿ ಶಿಲೀಂಧ್ರಗಳು ಹೀಗೆ ಒಗ್ಗಿಕೊಂಡದ್ದು ಜಗತ್ತಿನ ಹಲವು ಕಡೆ ಆಗಿದೆ. ನೂರು ವರ್ಷದ ಮೇಲೂ ಬೋರ್ಡೋ ನಿಂತಿದೆ. ಇಷ್ಟು ಕಷ್ಟಪಟ್ಟು ಕಟ್ಟಿದ ಅಣು ಕೆಲವೇ ವರ್ಷಕ್ಕೆ ಮೊಂಡಾದರೆ ಗ್ರಿನ್ಯಾರ್ ಆದರೂ ಏನು ಮಾಡಿಯಾನು? ಹಾಗಾಗಿ ಮಳೆಗೆ ಮೊದಲು ಬೋರ್ಡೋ, ಆಮೇಲೆ ಬೇಕಾದರೆ ಮಾತ್ರ ಬೇರೆ, ಅದರಲ್ಲೂ ಒಂದೇ ಗುಂಪಿನದನ್ನು ಮೇಲಿಂದ ಮೇಲೆ ಹೊಡೆಯಬಾರದು ಅನ್ನುವುದು. ಬಾಟಲಿಯ ಮೇಲೆ ದೊಡ್ಡಕ್ಷರದಲ್ಲಿ ಇರುವುದು ಕಂಪನಿ ಇಟ್ಟ ಹೆಸರು. ಗುಂಪು ಗೊತ್ತಾಗುವುದು ಕೆಳಗೆ ಸಣ್ಣಕ್ಷರದಲ್ಲಿ. ಕೊನಜೋಲ್ ಅಂತ ಮುಗಿದರೆ ಎಲ್ಲ ಒಂದೇ ಮನೆತನ.

ಇದನ್ನು ಹೇಳಿದ ದಿನ ಭಾವ ಏನೂ ಮಾತಾಡದೆ ಎದ್ದುಹೋದರು. ಸ್ವಲ್ಪ ಹೊತ್ತಿಗೆ ಕೊಟ್ಟಿಗೆ ಅಟ್ಟದಿಂದ ಇನ್ನೆರಡು ಬಾಟಲಿ ಹಿಡಿದುಕೊಂಡು ಬಂದರು. ಬೇರೆ ಬೇರೆ ಕಂಪನಿಯವು, ಒಂದು ಹಸಿರು ಮುಚ್ಚಳದ್ದು, ಒಂದು ನೀಲಿಯದ್ದು. ಕನ್ನಡಕ ಹಾಕಿಕೊಂಡು ಸಣ್ಣಕ್ಷರ ಓದಿದರು. ಟೆಬುಕೊನಜೋಲ್. ಪ್ರೊಪಿಕೊನಜೋಲ್. ಮೊದಲಿನ ಹೆಕ್ಸಾಕೊನಜೋಲನ್ನೂ ಪಕ್ಕದಲ್ಲಿ ಸಾಲಾಗಿ ಇಟ್ಟರು.

"ಮೂರು ಅಂಗಡಿ ತಿರುಗಿ ಒಂದೇ ಔಷಧಿ ತಂದಿದ್ದೇನೆ ಅನ್ನು" ಅಂದವರು ಎರಡನ್ನು ವಾಪಸ್ ಅಟ್ಟಕ್ಕೆ ಒಯ್ದರು.